ನಾಲ್ಕು ಹೆಜ್ಜೆಯ ಲೆಕ್ಕ

ಕಳೆದ ಚಳಿಗಾಲದಲ್ಲಿ ನಮ್ಮ ಅಕ್ಕನ ಮಗ ಅಮೆರಿಕದಿಂದ ರಜೆಗೆಂದು ಬಂದವನು ದೆಹಲಿಯ ನಮ್ಮ ಕ್ವಾರ್ಟರ್ಸಿನಲ್ಲಿ ನಾಲ್ಕು ದಿನ ಉಳಿದಿದ್ದ. ಒಂದು ರಾತ್ರಿ ಊಟವಾದ ಮೇಲೆ ತಾನು ನೋಡಿಬಂದ ಮೋವಾಬ್ ಎಂಬ ಊರಿನ ಚಿತ್ರಗಳನ್ನು ತೋರಿಸಿದ. ಯೂಟಾ ರಾಜ್ಯದ ಮರುಭೂಮಿಯಲ್ಲಿ, ಕೊಲೊರಾಡೋ ನದಿಯ ದಡದಲ್ಲಿ, ಐದು ಸಾವಿರ ಚಿಲ್ಲರೆ ಜನರಿರುವ ಸಣ್ಣ ಊರು ಅದು. ಸುತ್ತಲೂ ಕೆಂಪು ಬಂಡೆ, ನಡುವೆ ಮಣ್ಣುಬಣ್ಣದ ನೀರು. ನದಿಯಲ್ಲಿ ತೆಪ್ಪ ಹುಟ್ಟುಹಾಕುವವರು, ಬಂಡೆಯ ಮೇಲೆ ಸೈಕಲ್ ತುಳಿಯುವವರು, ಜೀಪು ಹತ್ತಿಸುವವರು, ಹೀಗೆ ವಿಹಾರಕ್ಕೆ ಬರುವವರದೇ ಗದ್ದಲ. ಪಕ್ಕದಲ್ಲೇ ಆರ್ಚಸ್ ರಾಷ್ಟ್ರೀಯ ಉದ್ಯಾನ. ನೀರು ಮತ್ತು ಹಿಮ ಸೇರಿ ಕೊರೆದ 2,000ಕ್ಕೂ ಹೆಚ್ಚು ಕಲ್ಲಿನ ಕಮಾನುಗಳು ಅಲ್ಲಿವೆ.

ಒಂದು ಚಿತ್ರದಲ್ಲಿ ಕಮಾನಿನ ಅರ್ಧ ಭಾಗ ಕತ್ತರಿಸಿ ಹೋಗಿತ್ತು. "ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಪೂರ್ತಿ ಬರುತ್ತಿತ್ತಲ್ಲ" ಎಂದೆವು. "ಆಗೋದಿಲ್ಲ ಮಾವ, ಅಲ್ಲಿಯ ಮಣ್ಣಿಗೆ ಜೀವ ಇದೆ, ತುಳಿಯಬಾರದು" ಎಂದ. ಸಾವಿರಾರು ಮೈಲಿ ಹೋದವನು ನಾಲ್ಕು ಹೆಜ್ಜೆಗೆ ಹೆದರಿದನಲ್ಲ ಎಂದು ನಾವು ನಕ್ಕೆವು.

ನಗಬಾರದಿತ್ತು. ಬಿ.ಎಸ್ಸಿ.ಯಲ್ಲಿ ನೀಲಿಹಸುರು ಪಾಚಿಯ ಚಿತ್ರ ಬರೆದು ಅಂಕ ಗಿಟ್ಟಿಸಿದವರು ನಾವು. ಪರೀಕ್ಷೆ ಮುಗಿದೊಡನೆ ಮರೆತವರೂ ನಾವೇ. ಆ ಮರುಭೂಮಿಯ ಮೇಲ್ಮಣ್ಣಿನಲ್ಲಿ ಅದೇ ಜಾತಿಯ ಸೂಕ್ಷ್ಮಜೀವಿಗಳು ನೂಲಿನಂತೆ ಹರಡಿ ಮರಳಿನ ಕಣಗಳನ್ನು ಹೊಲಿದಿಡುತ್ತವೆ. ಜೊತೆಗೆ ಕಲ್ಲುಹೂವು, ಹಾವಸೆ ಸೇರಿ ಕಪ್ಪಗಿನ ಒಂದು ಹೆಪ್ಪಾಗುತ್ತದೆ. ಗಾಳಿಗೆ ಮಣ್ಣು ಹಾರದಂತೆ ಹಿಡಿಯುವುದು, ಮಳೆಯ ನೀರನ್ನು ಉಳಿಸುವುದು, ಗಾಳಿಯ ಸಾರಜನಕವನ್ನು ಗಿಡಗಳಿಗೆ ದಕ್ಕಿಸುವುದು ಆ ಹೆಪ್ಪಿನ ಕೆಲಸ. ಒಂದು ಬೂಟುಗಾಲು ಬಿದ್ದರೆ ಅದು ಪುಡಿ. ಮತ್ತೆ ಕೂಡಿಕೊಳ್ಳಲು ಹತ್ತಾರು ವರ್ಷ, ಕೆಲವು ಕಡೆ ಅದಕ್ಕೂ ಹೆಚ್ಚು ಬೇಕು.

"ಒಬ್ಬ ತುಳಿದರೆ ಏನಾದೀತು?" ಎಂಬುದು ನಮ್ಮೆಲ್ಲರ ಹಳೆಯ ಪ್ರಶ್ನೆ. ಗುಮಾಸ್ತರಾದ ನಮಗೆ ಮೊದಲು ತೋಚುವುದು ಲೆಕ್ಕ. 2021ರಲ್ಲಿ ಆ ಉದ್ಯಾನಕ್ಕೆ ಬಂದವರು ಸುಮಾರು 18 ಲಕ್ಷ ಮಂದಿ. ತಲೆಗೆ ನಾಲ್ಕು ಹೆಜ್ಜೆಯಾದರೆ 72 ಲಕ್ಷ. ಆದರೆ ಈ ಉತ್ತರ ಸಾಲದು. ಸಂಖ್ಯೆಯೊಂದೇ ಕಾರಣವಾದರೆ, ಯಾರೂ ಬಾರದ ಕಡೆ ನಾವೊಬ್ಬರೇ ಹೋದಾಗ ತುಳಿಯಬಹುದು ಎಂದಾಗುತ್ತದೆ. ನಮ್ಮ ಕಾಲಡಿಯಲ್ಲಿ ಮುರಿದದ್ದು ಮಾತ್ರ, ಹಿಂದೆ ಬರುವವರು ಇದ್ದರೂ ಇಲ್ಲದಿದ್ದರೂ ಮುರಿದದ್ದೇ. ಮಿಕ್ಕವರ ಪಾಲನ್ನು ಕೂಡಿಸಿದರೆ ನಮ್ಮ ಪಾಲು ಕಡಿಮೆಯಾಗುವುದಿಲ್ಲ.

ಹಾಗಾದರೆ ಯಾರೂ ಹೋಗಲೇ ಬಾರದೆ? ಹಾಗೆನ್ನುವುದೂ ಕಷ್ಟ. 1952ರಲ್ಲಿ ಆ ಪ್ರಾಂತದಲ್ಲಿ ಯುರೇನಿಯಂ ಅದಿರಿನ ದೊಡ್ಡ ನಿಕ್ಷೇಪ ಸಿಕ್ಕಿತು. ಅದಿರನ್ನು ಅರೆದು ಉಳಿದ 1.6 ಕೋಟಿ ಟನ್ ಕಸ ನದಿಯ ದಡದಲ್ಲೇ, ಉದ್ಯಾನದ ಬಾಗಿಲಿಗೆ ಹತ್ತಿರದಲ್ಲಿ, ಗುಡ್ಡೆಯಾಗಿ ಬಿದ್ದಿತು. ಅದನ್ನು ರೈಲಿನಲ್ಲಿ ದೂರ ಸಾಗಿಸುವ ಕೆಲಸ ಶುರುವಾದದ್ದು 2009ರಲ್ಲಿ. ಕಮಾನುಗಳ ನೆಲವಾದರೋ 1929ರಲ್ಲೇ ರಕ್ಷಿತ ಸ್ಮಾರಕವಾಗಿ, 1971ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನೋಡಿ ಮೆಚ್ಚಿದವರು ಇಲ್ಲದಿದ್ದರೆ ಅದಕ್ಕೆ ಆ ರಕ್ಷಣೆ ದೊರೆಯುತ್ತಿತ್ತೆ? ಆದರೆ ಮೆಚ್ಚುಗೆಯೂ ಮಿತಿಮೀರಬಹುದು. 1956-57ರಲ್ಲಿ ಅಲ್ಲಿ ಕಾವಲಿನ ಕೆಲಸ ಮಾಡಿದ ಲೇಖಕ ಎಡ್ವರ್ಡ್ ಆ್ಯಬಿ ತನ್ನ 1968ರ ಪುಸ್ತಕದಲ್ಲಿ, ಕಾರುಗಳನ್ನು ಹೊರಗೇ ನಿಲ್ಲಿಸಿ, ಜನ ನಡೆದೋ ಸೈಕಲ್ಲಿನಲ್ಲೋ ಬರಲಿ ಎಂದು ವಾದಿಸಿದ. ಕಡೆಗೆ ಸಂದಣಿ ಹೆಚ್ಚಾಗಿ, 2022ರಲ್ಲಿ ಮುಂಗಡವಾಗಿ ಹೊತ್ತು ಗೊತ್ತುಮಾಡಿಕೊಂಡು ಬರುವ ಪದ್ಧತಿಯನ್ನು ಪ್ರಯೋಗಿಸಬೇಕಾಯಿತು.

ಇನ್ನೊಂದು ಆಕ್ಷೇಪವುಂಟು. ಆ ಕಮಾನುಗಳು ಹೇಗೂ ಶಾಶ್ವತವಲ್ಲ. 1991ರಲ್ಲಿ ಲ್ಯಾಂಡ್‌ಸ್ಕೇಪ್ ಆರ್ಚಿನಿಂದ ದೊಡ್ಡ ಹಲ್ಲೆಯೊಂದು ಕಳಚಿ ಬಿತ್ತು. 2008ರ ಆಗಸ್ಟಿನ ಒಂದು ರಾತ್ರಿ ವಾಲ್ ಆರ್ಚ್ ತಾನಾಗಿಯೇ ಕುಸಿಯಿತು. ಬೀಳುವುದಕ್ಕೆ ಇಷ್ಟೇಕೆ ಜತನ? ಇದಕ್ಕೆ ಮನೆಯಲ್ಲೇ ಉತ್ತರವಿದೆ. ವಯಸ್ಸಾದ ತಾಯಿ ಒಂದು ದಿನ ಹೋಗಿಯೇ ಹೋಗುತ್ತಾಳೆಂದು ಯಾರಾದರೂ ಔಷಧ ತರುವುದನ್ನು ನಿಲ್ಲಿಸುತ್ತಾರೆಯೆ? ಅದು ತನ್ನ ಕಾಲಕ್ಕೆ ಬೀಳಲಿ, ನಮ್ಮ ಕೈಯಿಂದ ಬೀಳಬಾರದು.

ಇಷ್ಟೆಲ್ಲ ಬರೆಯುವ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಮಗ ಎಂಟು ವರ್ಷದವನಾಗಿದ್ದಾಗ ಒಂದು ಭಾನುವಾರ ಹಳೆಯ ಗೋರಿಯೊಂದನ್ನು ನೋಡಲು ಹೋಗಿದ್ದೆವು. ಬುತ್ತಿ ಬಿಚ್ಚುವ ಹೊತ್ತಿಗೆ ಅವನು ಗಾರೆಯ ಗೋಡೆಯ ಮೇಲೆ ಮೊಳೆಯಿಂದ ತನ್ನ ಹೆಸರು ಕೆತ್ತಿದ್ದ. ಕನ್ನಡದಲ್ಲಿ! ಶಾಲೆಯಲ್ಲಿ ಕನ್ನಡವಿಲ್ಲದ ಊರಿನಲ್ಲಿ ಮಗನಿಗೆ ಮನೆಯಲ್ಲೇ ಅಕ್ಷರ ಕಲಿಸಿದ ಹೆಮ್ಮೆ ನಮಗೆ. ಬೈಯುವುದನ್ನು ಬಿಟ್ಟು, ಒತ್ತಕ್ಷರ ಸರಿಯಾಗಿ ಬಂದಿದೆಯಲ್ಲ ಎಂದು ಮೆಚ್ಚಿ ಫೋಟೋ ತೆಗೆದೆವು.

ಅಕ್ಕನ ಮಗ ಹೊರಟುಹೋದ ಮೇಲೆ ಮಗನೊಡನೆ ಮತ್ತೆ ಅಲ್ಲಿಗೆ ಹೋದೆವು. ಅವನಿಗೀಗ ಹದಿನೈದು. ಹೆಸರು ಹಾಗೆಯೇ ಇದೆ. "ಅಳಿಸಲೇನಪ್ಪ?" ಎಂದು ಕೇಳಿದ. ಉಜ್ಜಿದರೆ ಇನ್ನಷ್ಟು ಗಾರೆ ಉದುರೀತು, ಬೇಡ ಎಂದೆವು. "ಅವತ್ತೇ ಬೈದಿದ್ದರೆ ಆಗುತ್ತಿತ್ತು" ಎಂದ. ನಾವು ಉತ್ತರ ಕೊಡಲಿಲ್ಲ.

ಸಂಘದ ವನಭೋಜನಕ್ಕೆ ಈ ಸಲ ಎಲ್ಲಿಗೆ ಹೋದರೂ, ಮಕ್ಕಳಿಗೆ ಬುದ್ಧಿ ಹೇಳುವ ಮೊದಲು ಹಿರಿಯರಾದ ನಾವು ನಮ್ಮ ನಾಲ್ಕು ಹೆಜ್ಜೆ ಎಲ್ಲಿ ಬೀಳುತ್ತಿವೆಯೆಂದು ನೋಡಿಕೊಳ್ಳೋಣ.