ಕಡಲು ಕೊಂಡೊಯ್ದ ನೆಲೆ

ಶಹಾಬಾದಿನಲ್ಲಿ ಛಾಯಾಚಿತ್ರದ ವೃತ್ತಿಯಿಂದ ಜೀವಿಸುವ ಭಕ್ತರೊಬ್ಬರು ಕಳೆದ ದೀಪಾವಳಿಯ ತರುವಾಯ ಮಠಕ್ಕೆ ಬಂದಿದ್ದರು. ವರ್ಷಕ್ಕೊಮ್ಮೆ ಉಳ್ಳಾಲದ ಕಡಲತೀರಕ್ಕೆ ಹೋಗಿ, ತೆಂಗಿನ ಮರಗಳ ನಡುವಣ ಒಂದು ಮರಳು ದಿಬ್ಬದ ಮೇಲೆ ನಿಂತು ಸೂರ್ಯಾಸ್ತದ ಚಿತ್ರ ತೆಗೆಯುವುದು ಅವರ ಇಪ್ಪತ್ತು ವರ್ಷಗಳ ರೂಢಿ. ಅಗಲಿದ ಧರ್ಮಪತ್ನಿಯ ಕಡೆಯ ಚಿತ್ರವನ್ನು ತೆಗೆದುದೂ ಅಲ್ಲಿಯೇ. ಈ ಸಲ ಹೋದಾಗ ದಿಬ್ಬವೂ ಇರಲಿಲ್ಲ, ಮರಗಳೂ ಇರಲಿಲ್ಲ. “ಅಪ್ಪಾವರೇ, ನನ್ನ ಜಾಗಾ ಹೋಯ್ತರಿ. ಸಿಟ್ಟರೆ ಯಾರ ಮ್ಯಾಲ ಮಾಡ್ಲಿ?” ಎಂದರು.

ಹುಟ್ಟಿದ್ದೆಲ್ಲವೂ ಅಳಿಯತಕ್ಕದ್ದೆಂದು ನಾವು ಕೂಡಲೇ ಹೇಳಿದೆವು. ಅವರು ತಲೆದೂಗಿ ಸುಮ್ಮನಾದರು. ಅವರು ಹೋದ ಮೇಲೆ ನಮ್ಮ ಉತ್ತರ ನಮಗೇ ಹಗುರವೆನಿಸಿತು. ಮಾತು ಸುಳ್ಳಲ್ಲ, ಆದರೆ ಏನನ್ನೂ ಕಳೆದುಕೊಳ್ಳದವನು ಕಳೆದುಕೊಂಡವನಿಗೆ ಅದನ್ನು ಹೇಳಿದಾಗ ಅದು ಸಾಂತ್ವನವಾಗದೆ ಬಾಯಿ ಮುಚ್ಚಿಸುವ ಉಪಾಯವಾಗುತ್ತದೆ.

ವಿಷಯವನ್ನು ಮತ್ತೆ ವಿಚಾರಿಸೋಣ. ಮಳೆಗಾಲದ ಹೆದ್ದೆರೆಗಳು ದಡದ ಮರಳನ್ನು ಸೆಳೆದೊಯ್ಯುತ್ತವೆ. ಶಾಂತ ಮಾಸಗಳಲ್ಲಿ ಕಡಲು ಅದನ್ನು ಮರಳಿ ತರುತ್ತದೆ. ಒಯ್ದಷ್ಟು ಹಿಂದಿರುಗದಿದ್ದಲ್ಲಿ ದಡ ಹಿಂಜರಿಯುತ್ತದೆ. ಬಂಡೆಗೂ ಇದರಿಂದ ವಿನಾಯಿತಿಯಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ಕರಾವಳಿಯಲ್ಲಿ ‘ಲಂಡನ್ ಬ್ರಿಜ್’ ಎಂದು ಹೆಸರಾಗಿದ್ದ ಶಿಲಾಸೇತುವೆಯ ಒಂದು ಕಮಾನು 1990ರ ಜನವರಿ 15ರಂದು ಕುಸಿಯಿತು. ಆಚೆ ಉಳಿದ ಇಬ್ಬರು ಪ್ರವಾಸಿಗಳನ್ನು ಹೆಲಿಕಾಪ್ಟರಿನಿಂದ ಕರೆತರಬೇಕಾಯಿತು. ಮಾಲ್ಟಾ ದೇಶದ ಗೋಜೋ ದ್ವೀಪದಲ್ಲಿ, ಅಸಂಖ್ಯ ಚಿತ್ರಗಳಲ್ಲಿ ಸೆರೆಯಾಗಿದ್ದ ಸುಣ್ಣಕಲ್ಲಿನ ಮಹಾದ್ವಾರವು 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿ ಕಡಲುಪಾಲಾಯಿತು. ಆದರೆ ಆ ಕಮಾನುಗಳನ್ನು ಕೊರೆದು ಕಟ್ಟಿದವರಾರು? ಕೆಡವಿದ ತೆರೆಗಳೇ ಅಲ್ಲವೆ? ಕಮಾನನ್ನು ಪ್ರೀತಿಸಿದವನು ತೆರೆಯನ್ನು ವೈರಿಯೆನ್ನಲಾರ.

ಇದನ್ನು ತಿಳಿಯಲು ನಾವು ಕರಾವಳಿಯವರೆಗೆ ಹೋಗಬೇಕಾಗಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಸುಣ್ಣಕಲ್ಲು ಅನೇಕ ಕೋಟಿ ವರ್ಷಗಳ ಹಿಂದೆ ಕಡಲತಳದಲ್ಲಿ ಪದರಪದರವಾಗಿ ಕುಳಿತ ಕೆಸರು. ನಮ್ಮ ಪಡಸಾಲೆಯ ಪರಸಿ ಕಲ್ಲಿನ ಮೇಲೆ ಕುಳಿತು ಕಡಲನ್ನು ದೂರಿದ ಆ ಭಕ್ತರು ಕಡಲು ಬಿಟ್ಟುಹೋದ ನೆಲದ ಮೇಲೆಯೇ ಕುಳಿತಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಪ್ರಕೃತಿಯ ನಿಯಮವನ್ನು ಹೇಳಿ ಮನುಷ್ಯನು ತನ್ನ ಕೃತ್ಯವನ್ನು ಮರೆಮಾಡಬಾರದು. ನದೀಮುಖದ ತಡೆಗೋಡೆಗಳೂ ನದಿಯಲ್ಲಿಯ ಮರಳು ಗಣಿಗಾರಿಕೆಯೂ ದಡದ ಮರಳಿನ ಲೆಕ್ಕವನ್ನು ತಪ್ಪಿಸಬಲ್ಲವು. ನಮ್ಮ ಸೀಮೆಯಲ್ಲಿ ಕಲ್ಲು ತೆಗೆದು ಹಾಗೆಯೇ ಬಿಟ್ಟ ಖಣಿಯನ್ನು ಕಂಡು ‘ಕಾಲದ ಮಹಿಮೆ’ ಎನ್ನುವುದು ಅಜ್ಞಾನವಲ್ಲ, ಅಪ್ರಾಮಾಣಿಕತೆ. ಕಾಲವು ಕೊಂಡೊಯ್ದುದಕ್ಕೆ ಸಹನೆ ಉಚಿತ. ನಾವು ಕೆಡಿಸಿದುದಕ್ಕೆ ಉತ್ತರದಾಯಿತ್ವವೇ ಉಚಿತ.

ಹಾಗಾದರೆ ಆ ಭಕ್ತರ ದುಃಖ ತಪ್ಪೆ? ಅಲ್ಲ. ಸಿಟ್ಟಿಗೆ ಅಪರಾಧಿ ಬೇಕು, ದುಃಖಕ್ಕೆ ಬೇಡ. ಪ್ರೀತಿಯಿದ್ದ ಕಡೆ ದುಃಖವಿರುವುದು ಸಹಜ. ‘ನನ್ನ ಜಾಗ’ ಎಂಬ ಮಾತಿನಲ್ಲಿ ‘ನನ್ನ’ ಎಂಬುದನ್ನು ಮಾತ್ರ ತುಸು ಸಡಿಲಿಸಬೇಕು.

ಮುಂದಿನ ಅಮಾವಾಸ್ಯೆಗೆ ಅವರು ಬಂದಾಗ ನಮ್ಮ ಮೊದಲಿನ ಮಾತಿಗಾಗಿ ವಿಷಾದಿಸಿ ಇಷ್ಟನ್ನು ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಆ ದಿಬ್ಬದ ಹಿಂದೆ ಮೀನುಗಾರರ ಮನೆಯೊಂದಿತ್ತೆಂದೂ, ಈಗ ಅದರ ಬುನಾದಿ ಮಾತ್ರ ಉಳಿದಿದೆಯೆಂದೂ, ಆ ದಿನ ತಮ್ಮ ಸಂಕಟದಲ್ಲಿ ಆ ಮನೆಯವರು ಎಲ್ಲಿಗೆ ಹೋದರೆಂದು ಕೇಳಲಿಲ್ಲವೆಂದೂ ಹೇಳಿದರು. ಬರುವ ವರ್ಷ ಹೋದಾಗ ಮೊದಲು ಅವರನ್ನು ವಿಚಾರಿಸುವೆನೆಂದರು.