ಸನ್ಮಾನದ ಹಾರ ಯಾರ ಕೊರಳಿಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಕೂಡಲೇ ನಮ್ಮ ಊರುಗಳಲ್ಲಿ ಸನ್ಮಾನ ಸಮಾರಂಭಗಳ ಕಾಲ ಆರಂಭವಾಗುತ್ತದೆ. ಶಾಲೆಗಳು, ಹಳೆ ವಿದ್ಯಾರ್ಥಿ ಸಂಘಗಳು, ಜಮಾಅತ್ ಕಮಿಟಿಗಳು, ಯುವಕ ಮಂಡಲಗಳು ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಸ್ಮರಣಿಕೆ ನೀಡುತ್ತವೆ. ಇದು ಒಳ್ಳೆಯ ಸಂಪ್ರದಾಯ. ಟ್ಯೂಷನ್‌ನ ಆಸರೆಯಿಲ್ಲದೆ, ಬೀಡಿ ಕಟ್ಟುವ ತಾಯಿಯ ಪಕ್ಕದಲ್ಲೇ ಕುಳಿತು ಓದಿ, ಸರಕಾರಿ ಶಾಲೆಯಿಂದ 625ರಲ್ಲಿ 600 ಅಂಕ ದಾಟಿದ ಹುಡುಗಿಯನ್ನು ಊರು ಗುರುತಿಸದಿದ್ದರೆ ಮತ್ತೆ ಯಾರನ್ನು ಗುರುತಿಸಬೇಕು?

ಆದರೆ ಅದೇ ತರಗತಿಯಲ್ಲಿ ಕಲಿತ ಇನ್ನೊಬ್ಬ ಬಾಲಕನನ್ನು ಊಹಿಸಿಕೊಳ್ಳೋಣ. ನಡೆಯಲಾಗದ ಸಹಪಾಠಿಯನ್ನು ಮೂರು ವರ್ಷ ದಿನವೂ ಸೈಕಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಕರೆತಂದವನು ಅವನು. ಅವನಿಗೆ ಬಂದ ಅಂಕ 340. ಸಮಾರಂಭದ ದಿನ ಅವನು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾನೆ. ಅವನ ಹೆಸರನ್ನು ಯಾರೂ ಕರೆಯುವುದಿಲ್ಲ. ಇದನ್ನೆಲ್ಲ ನೋಡುತ್ತಾ ಕುಳಿತ ಐದನೆಯ, ಆರನೆಯ ತರಗತಿಯ ಮಕ್ಕಳು ಏನನ್ನು ಕಲಿಯುತ್ತಾರೆ? ಹಿರಿಯರು ಭಾಷಣದಲ್ಲಿ ಸೇವೆಯ ಮಹತ್ವವನ್ನು ಹೇಳುತ್ತಾರೆ, ಹಾರವನ್ನು ಮಾತ್ರ ಅಂಕಕ್ಕೇ ಹಾಕುತ್ತಾರೆ ಎಂದಲ್ಲವೇ?

ಹಾಗಾದರೆ ಸೇವೆ ಮಾಡಿದವರನ್ನೂ ವೇದಿಕೆಗೆ ಕರೆದರಾಯಿತು ಎಂದು ಕೆಲವರು ಹೇಳಬಹುದು. ವಿಷಯ ಅಷ್ಟು ಸರಳವಲ್ಲ. ಅಂಕಕ್ಕೂ ಸೇವೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಗಣಿತದಲ್ಲಿ ನೂರು ಅಂಕ ಪಡೆದವನು ಹೊಗಳಿಕೆಗಾಗಿಯೇ ಓದಿದ್ದರೂ ಅವನು ಬಿಡಿಸಿದ ಲೆಕ್ಕ ತಪ್ಪಾಗುವುದಿಲ್ಲ. ಸೇವೆಯಾದರೋ ಹಾಗಲ್ಲ. ನೋಡುವವರಿಗಾಗಿ ಮಾಡಿದ ಉಪಕಾರ ಹೊರಗಿನಿಂದ ಉಪಕಾರದಂತೆಯೇ ಕಂಡರೂ ಒಳಗೆ ಬೇರೆಯೇ ಆಗಿರುತ್ತದೆ. ಕರ್ಮಗಳ ಬೆಲೆ ನಿಯ್ಯತ್‌ನಲ್ಲಿದೆ ಎಂಬುದನ್ನು ನಮ್ಮ ಮಕ್ಕಳು ಮದ್ರಸದ ಮೊದಲ ಪಾಠಗಳಲ್ಲೇ ಕಲಿಯುತ್ತಾರೆ. ಹೀಗಿರುವಾಗ ಸೇವೆಗೆ ಶಾಲು ಹೊದಿಸಿ ನಾವೇ ಮಕ್ಕಳ ಮನಸ್ಸಿನಲ್ಲಿ ರಿಯಾದ ಬೀಜ ಬಿತ್ತಿದಂತಾಗುವುದಿಲ್ಲವೇ?

ಈ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು, ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳಬೇಕು ಎಂಬ ನಿಯಮವಿದೆ. ಇಂತಹ ಲೆಕ್ಕ ಅಗತ್ಯವೇ. ಅದರಿಂದ ಶಿಸ್ತು ಬರುತ್ತದೆ, ಹಾರೆ ಹಿಡಿದು ಗೊತ್ತಿಲ್ಲದ ಕೈಗಳು ಹಾರೆ ಹಿಡಿಯುತ್ತವೆ. ಆದರೆ ಗಂಟೆ ತುಂಬಿದೊಡನೆ, ಸರ್ಟಿಫಿಕೇಟು ಕೈಗೆ ಬಂದೊಡನೆ ಹಾರೆಯನ್ನು ಮೂಲೆಗಿಟ್ಟು ಮರೆಯುವವರೂ ಇದ್ದಾರೆ. ಅವರಿಗೆ ಸೇವೆ ಎಂಬುದು ಇನ್ನೊಂದು ಪರೀಕ್ಷೆಯಾಯಿತು, ಅಷ್ಟೆ.

ಹಾಗೆಂದು ಒಳ್ಳೆಯ ಕೆಲಸವನ್ನು ಎಂದೂ ಬೆಳಕಿಗೆ ತರಬಾರದೆಂದೂ ಅಲ್ಲ. ದಾನದ ವಿಷಯದಲ್ಲಿ ಪವಿತ್ರ ಕುರ್‌ಆನ್ ಬಹಿರಂಗವಾಗಿ ಕೊಡುವುದನ್ನು ತಪ್ಪೆನ್ನಲಿಲ್ಲ. ಬಡವರಿಗೆ ಗುಟ್ಟಾಗಿ ತಲಪಿಸುವುದನ್ನು ಅದಕ್ಕಿಂತ ಮೇಲೆ ಇಟ್ಟಿತು. ಕೊಟ್ಟದ್ದನ್ನು ಎತ್ತಿ ಆಡುವುದನ್ನೂ ಜನರಿಗೆ ತೋರಿಸಲೆಂದೇ ಕೊಡುವುದನ್ನೂ ಮಾತ್ರ ದಾನವನ್ನೇ ವ್ಯರ್ಥಗೊಳಿಸುವ ಕೆಲಸವೆಂದು ಎಚ್ಚರಿಸಿತು. ದೋಷವಿರುವುದು ಬೆಳಕಿನಲ್ಲಲ್ಲ, ಆ ಬೆಳಕಿಗಾಗಿ ಬಾಯಾರುವ ಮನಸ್ಸಿನಲ್ಲಿ.

ಇದಕ್ಕೆ ದೂರದ ಉದಾಹರಣೆ ಬೇಡ. ಮಂಗಳೂರಿನ ಬೀದಿಗಳಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರನ್ನು ನೋಡಿ. ವಿದೇಶೀಯರು ಹಣ್ಣಿನ ಬೆಲೆ ಕೇಳಿದಾಗ ಭಾಷೆ ತಿಳಿಯದೆ ಉತ್ತರಿಸಲಾಗದೆ ನಿಂತವರು ಅವರು. ತಾನು ಶಾಲೆ ಕಾಣದಿದ್ದರೂ ತನ್ನೂರಿನ ಮಕ್ಕಳಾದರೂ ಕಾಣಲಿ ಎಂದು ಬುಟ್ಟಿಯ ಸಂಪಾದನೆಯಲ್ಲಿ ಉಳಿಸುತ್ತಾ, ಕಚೇರಿಯಿಂದ ಕಚೇರಿಗೆ ಅಲೆಯುತ್ತಾ ಹರೇಕಳದ ನ್ಯೂಪಡ್ಪುವಿಗೆ ಸರಕಾರಿ ಶಾಲೆಯನ್ನು ತಂದರು. ಮೊದಲ ತರಗತಿಗಳು ನಡೆದದ್ದು ಮದ್ರಸದಲ್ಲಿ. ಆಗ ಕ್ಯಾಮರಾ ಇರಲಿಲ್ಲ, ವೇದಿಕೆಯೂ ಇರಲಿಲ್ಲ. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ರೇಶನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರೆಂದು ಪತ್ರಿಕೆಗಳು ಬರೆದವು. 2021ರ ನವೆಂಬರ್‌ನಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿಗಳಿಂದ ಅದನ್ನು ಸ್ವೀಕರಿಸಿದರು. ಸನ್ಮಾನದೊಂದಿಗೆ ಬಂದ ಹಣವನ್ನು ಶಾಲೆಗೇ ಕೊಟ್ಟರು. ಊರಿಗೆ ಪದವಿಪೂರ್ವ ಕಾಲೇಜು ಬೇಕೆಂದು ಕೇಳಿದರು.

ಇಲ್ಲಿ ಸನ್ಮಾನ ಸೇವೆಯನ್ನು ಕೆಡಿಸಲಿಲ್ಲ. ಏಕೆಂದರೆ ಕೆಲಸ ಸನ್ಮಾನದ ಹಿಂದೆ ಓಡಿರಲಿಲ್ಲ; ಸನ್ಮಾನವೇ ತಡವಾಗಿ ಕೆಲಸವನ್ನು ಹುಡುಕಿಕೊಂಡು ಬಂತು. ಬಂದ ಮೇಲೂ ಅದು ಅವರ ಮನೆಯಲ್ಲಿ ನಿಲ್ಲದೆ ಶಾಲೆಯ ಕಡೆಗೇ ಹರಿಯಿತು.

ಹಾಜಬ್ಬರು ಪಕ್ವವಾದ ವಯಸ್ಸಿನವರು, ಮಕ್ಕಳಿಗೆ ಪ್ರೋತ್ಸಾಹ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಮಗು ನಮಾಝ್ ಕಲಿಯುವಾಗಲೂ ತಂದೆ ಬೆನ್ನು ತಟ್ಟುತ್ತಾನೆ. ಹಾಗೆಂದು ಆ ನಮಾಝ್ ತಂದೆಗಾಗಿ ಎಂದು ಯಾರೂ ಹೇಳುವುದಿಲ್ಲ. ಪ್ರೋತ್ಸಾಹ ಊರುಗೋಲಿನಂತೆ. ಕಾಲು ಬಲಿಯುವ ತನಕ ಅದು ಬೇಕು, ಕಾಲಿನ ಬದಲಿಗೆ ಅಲ್ಲ. ಆದ್ದರಿಂದ ಸನ್ಮಾನ ಬೇಕೇ ಬೇಡವೇ ಎನ್ನುವುದಕ್ಕಿಂತ ಅದು ಹೇಗಿರಬೇಕು ಎಂದು ಯೋಚಿಸುವುದು ಲೇಸು.

ಮೊದಲನೆಯದಾಗಿ, ಉಪಕಾರ ಪಡೆದವನ ಮಾನವನ್ನು ಕಾಯಬೇಕು. ಸೈಕಲ್ ತುಳಿದವನನ್ನು ಹೊಗಳಲು ಸೈಕಲಿನಲ್ಲಿ ಕುಳಿತಿದ್ದವನನ್ನು ವೇದಿಕೆಯಲ್ಲಿ ಪ್ರದರ್ಶಿಸುವುದು ಕ್ರೌರ್ಯ. ನೋಟ್ ಪುಸ್ತಕ ಹಂಚುವಾಗ ಬಡ ಮಗುವಿನ ಮುಖವನ್ನು ಫೋಟೋಕ್ಕೆ ತಿರುಗಿಸುವುದೂ ಅಂಥದ್ದೇ. ಎರಡನೆಯದಾಗಿ, ಸೇವೆಯಲ್ಲಿ ಒಂದು, ಎರಡು, ಮೂರು ಎಂದು ಸ್ಥಾನ ಕೊಡಬಾರದು. ಶಾಲೆಯ ಕೈತೋಟಕ್ಕೆ ನೀರೆರೆದವನನ್ನೂ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವಳನ್ನೂ ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಮೂರನೆಯದಾಗಿ, ಒಳ್ಳೆಯ ಮಗುವಿಗೆ ಸ್ಮರಣಿಕೆಗಿಂತಲೂ ದೊಡ್ಡ ಗೌರವವೆಂದರೆ ಇನ್ನೂ ದೊಡ್ಡ ಹೊಣೆ. ಇಂಥವನನ್ನು ಗ್ರಂಥಾಲಯದ ಕಪಾಟಿನ ಬೀಗದ ಕೈಯನ್ನು ನಂಬಿ ಕೊಡಿ. ಅದರ ಅರ್ಥ ಅವನಿಗೆ ತಿಳಿಯುತ್ತದೆ. ನಾಲ್ಕನೆಯದಾಗಿ, ಸರಕಾರಿ ಶಾಲೆ ಎಲ್ಲರದ್ದು. ನಮ್ಮ ಸಮುದಾಯದ ಮಕ್ಕಳನ್ನಷ್ಟೇ ಆರಿಸಿ ಸನ್ಮಾನಿಸಿದರೆ ಒಂದೇ ಬೆಂಚಿನಲ್ಲಿ ಕುಳಿತವರ ನಡುವೆ ನಾವೇ ಗೆರೆ ಎಳೆದಂತಾಗುತ್ತದೆ.

ಶಾಲಾಭಿವೃದ್ಧಿ ಸಮಿತಿಗಳಲ್ಲಿ ಹೆತ್ತವರೇ ಸದಸ್ಯರಾಗಿರುತ್ತಾರೆ. ಮುಂದಿನ ಸಭೆಯಲ್ಲಿ ಈ ಮಾತನ್ನು ಎತ್ತಲು ಯಾರ ಅಪ್ಪಣೆಯೂ ಬೇಡ. ಅದಕ್ಕೂ ಮೊದಲು ಮನೆಯಲ್ಲೇ ಒಂದು ಬದಲಾವಣೆ ತರಬಹುದು. ಮಗು ಶಾಲೆಯಿಂದ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಅಂಕದ ಬಗ್ಗೆ ಇರುತ್ತದೆ. ಇಂದು ಯಾರಿಗಾದರೂ ಸಹಾಯವಾದೆಯಾ ಎಂದೂ ಕೇಳೋಣ. ಉತ್ತರ ಹೌದೆಂದಾದರೆ ಒಂದು ನಗು ಸಾಕು, ನೆರೆಹೊರೆಯವರಿಗೆಲ್ಲ ಸಾರುವ ಅಗತ್ಯವಿಲ್ಲ. ಉಳಿದದ್ದನ್ನು ಕಾಣುವವನು ಕಂಡಿರುತ್ತಾನೆ.