ಅಸಲು ಮತ್ತು ಬಡ್ಡಿ

ದುದ್ದದ ನಮ್ಮ ಮನೆಯ ಜಗಲಿಯಲ್ಲಿ ಅಬ್ಬಾ ಈಗ ಆನೆಯಾಗುತ್ತಾರೆ. ಎಪ್ಪತ್ತು ದಾಟಿದ ಅವರ ಬೆನ್ನೇರಿ ನನ್ನ ನಾಲ್ಕು ವರ್ಷದ ಮಗ "ದಾದಾ, ಇನ್ನೂ ಜೋರು" ಎನ್ನುತ್ತಾನೆ. ನೋಡುವಾಗ ಖುಷಿಯ ಜೊತೆ ಸಣ್ಣ ಅಸೂಯೆಯೂ ಹುಟ್ಟುತ್ತದೆ. ಆ ಬೆನ್ನು ನನಗೆ ಸಿಕ್ಕಿರಲಿಲ್ಲ.

ಆಗ ಅಬ್ಬಾ ಬಟ್ಟೆಯ ಗಂಟನ್ನು ಸೈಕಲ್ಲಿಗೆ ಕಟ್ಟಿ ಸಂತೆಯಿಂದ ಸಂತೆಗೆ ಅಲೆಯುತ್ತಿದ್ದರು. ರಾತ್ರಿ ಮರಳುವಾಗ ನಾವು ನಿದ್ದೆಯಲ್ಲಿರುತ್ತಿದ್ದೆವು. ಎಚ್ಚರವಿದ್ದ ದಿನ, ಮಗ್ಗಿ ತಪ್ಪಿದ್ದಕ್ಕೆ ಏಟು ಬೀಳುತ್ತಿತ್ತು.

ಅಸಲಿಗಿಂತ ಬಡ್ಡಿಯೇ ಪ್ರಿಯ ಎಂದು ಉರ್ದುವಿನಲ್ಲೊಂದು ಗಾದೆಯಿದೆ. ಬಡ್ಡಿ ಹರಾಮ್ ಎನ್ನುವ ಮನೆಗಳಲ್ಲೂ ಅಜ್ಜಂದಿರು ಈ ಬಡ್ಡಿಯನ್ನು ಮಾತ್ರ ಬಿಡುವುದಿಲ್ಲ! ಹಾಗಾದರೆ ಅಸಲಿನ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು. ಅದು ನಮ್ಮ ಅನ್ನವಾಗಿ, ಶಾಲೆಯ ಫೀಸಾಗಿ ಖರ್ಚಾಗುತ್ತಿತ್ತು. ಮೊಮ್ಮಗನ ಕಾಲಕ್ಕೆ ಗಂಟು ಇಳಿದಿದೆ, ಬೆನ್ನು ಖಾಲಿಯಾಗಿದೆ.

ಅಷ್ಟಕ್ಕೇ ತಂದೆಯರಿಗೆಲ್ಲ ಮಾಫಿ ಸಿಕ್ಕಿಬಿಡುತ್ತದೆಯೇ? ಪ್ರವಾದಿ(ಸ)ಯವರು ಮೊಮ್ಮಗ ಹಸನ್(ರ)ರಿಗೆ ಮುತ್ತಿಟ್ಟಾಗ, ತನಗೆ ಹತ್ತು ಮಕ್ಕಳಿದ್ದೂ ಒಬ್ಬರಿಗೂ ಮುತ್ತಿಟ್ಟಿಲ್ಲವೆಂದರು ಅಲ್ಲಿದ್ದ ಅಕ್ರಅ್. ಕರುಣೆ ತೋರದವನಿಗೆ ಕರುಣೆ ಸಿಗದೆಂಬ ಉತ್ತರ ಬಂತೆಂದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಮುತ್ತು ಸಿಕ್ಕಿದ್ದು ಮೊಮ್ಮಗನಿಗೆ. ಪಾಠ ಸಿಕ್ಕಿದ್ದು ಒಬ್ಬ ತಂದೆಗೆ.

ಮೊನ್ನೆ ಮಗ ನನ್ನ ಬಳಿ ಆಡಲು ಬಂದ. ಬರೆಯುತ್ತಿದ್ದೇನೆ, ಆಮೇಲೆ ಬಾ ಎಂದೆ. ಅವನು ದಾದಾ ಬಳಿಗೆ ಓಡಿದ. ನನಗೆ ಸಂತೆಯೂ ಇಲ್ಲ, ಸೈಕಲ್ಲೂ ಇಲ್ಲ. ನನ್ನ ನೆಪವಾದರೂ ಏನು?